ಎತ್ತಿಲ್ಲದ ಬಾರುಕೋಲು: ಫ್ಲೈ ಫಿಶಿಂಗ್ ಸಾಮಾನು ಆರಿಸುವ ಬಗೆ

ಹಾವೇರಿಯಲ್ಲಿ ನನ್ನದೊಂದು ಟೇಲರಿಂಗ್ ಅಂಗಡಿ ಇದೆ. ವಾರಕ್ಕೊಂದು ದಿನ ರಜೆ. ಅವತ್ತು ನಸುಕಿನಲ್ಲೇ ಬೈಕ್ ಹತ್ತಿ ಕರ್ಜಗಿ ಕಡೆ ವರದಾ ನದಿ ದಂಡೆಗೆ ಹೋಗುತ್ತೇನೆ. ಮೊದಲೆಲ್ಲ ಎರೆಹುಳ ಚುಚ್ಚಿ ಬೆಂಡು ನೋಡುತ್ತಾ ಕೂರುತ್ತಿದ್ದೆ. ಆರು ವರ್ಷದಿಂದ ಫ್ಲೈ ಫಿಶಿಂಗ್ ಹುಚ್ಚು ಹಿಡಿದಿದೆ.

ಮೊದಲ ಸಲ ದಂಡೆಯಲ್ಲಿ ನಿಂತು ಹಿಂದೆ ಮುಂದೆ ಲೈನ್ ಬೀಸುತ್ತಿದ್ದಾಗ ಕುರಿ ಕಾಯುವ ಒಬ್ಬ ಕಾಕಾ ತುಂಬಾ ಹೊತ್ತು ನೋಡಿದ. ಆಮೇಲೆ ಕೇಳಿದ: "ಏನ್ ತಮ್ಮಾ, ಬರೇ ಬಾರಕೋಲ ಬೀಸಾಕತ್ತೀಯಲ್ಲ, ಎತ್ತು ಎಲ್ಲಿ ಅದಾವು?"

ನಗು ಬಂತು. ಆದರೆ ಫ್ಲೈ ಫಿಶಿಂಗ್ ಅಂದರೇನು ಅಂತ ಇಷ್ಟು ಸರಿಯಾಗಿ ನನಗೆ ಯಾವ ವಿಡಿಯೋದವರೂ ಹೇಳಿರಲಿಲ್ಲ. ಮಾಮೂಲಿ ಗಾಳದಲ್ಲಿ ತುದಿಗೆ ಸೀಸದ ಗುಂಡು ಇರುತ್ತದೆ. ಗುಂಡು ಹಾರುತ್ತದೆ, ದಾರ ಅದರ ಹಿಂದೆ ಹೋಗುತ್ತದೆ. ಫ್ಲೈ ಅಂದರೆ ಕೊಕ್ಕೆಗೆ ಗರಿ, ದಾರ ಸುತ್ತಿ ಮಾಡಿದ ಸುಳ್ಳು ಹುಳ. ಅದಕ್ಕೆ ತೂಕವೇ ಇಲ್ಲ, ಎಸೆದರೆ ಕಾಲ ಬುಡದಲ್ಲೇ ಬೀಳುತ್ತದೆ. ಹಾಗಾಗಿ ಇಲ್ಲಿ ತೂಕ ಇರುವುದು ದಾರದಲ್ಲಿ. ಬಾರುಕೋಲಿನ ಬಾರು ಕೋಲನ್ನು ಬಗ್ಗಿಸಿ ಮುಂದೆ ಹಾರುವ ಹಾಗೆ, ದಪ್ಪ ಲೈನು ರಾಡನ್ನು ಬಗ್ಗಿಸಿ ತಾನು ಹಾರುತ್ತದೆ. ಫ್ಲೈ ಸುಮ್ನೆ ಅದರ ಬೆನ್ನಿಗೆ ಹೋಗುತ್ತದೆ.

ಇದು ತಲೆಗೆ ಹೊಕ್ಕರೆ ಸಾಮಾನು ಆರಿಸುವುದು ಅರ್ಧ ಮುಗಿದ ಹಾಗೆ. ಅಂಗಡಿಗೆ ಬರುವ ಹುಡುಗರು "ಅಣ್ಣಾ, ಯಾವ ರಾಡ್ ತಗೊಳ್ಳಲಿ?" ಅಂತಲೇ ಶುರು ಮಾಡುತ್ತಾರೆ. ಅಳತೆ ಕೊಡದೆ ಬಟ್ಟೆ ಕತ್ತರಿಸು ಅಂದ ಹಾಗಾಯಿತು. ಯಾವ ಮೀನು ಅಂತ ಮೊದಲು ಹೇಳಬೇಕು. ಮೀನು ಗೊತ್ತಾದರೆ ಫ್ಲೈ ಎಷ್ಟು ದೊಡ್ಡದು ಅಂತ ಗೊತ್ತಾಗುತ್ತದೆ. ಫ್ಲೈ ಗೊತ್ತಾದರೆ ಲೈನು, ಲೈನು ಗೊತ್ತಾದರೆ ರಾಡು. ಲೈನು ಸುತ್ತಿಡುವ ರೀಲು ಕೊನೆಗೆ.

ನಾನು ಇದನ್ನು ಉಲ್ಟಾ ಮಾಡಿದೆ. ಆನ್‌ಲೈನ್‌ನಲ್ಲಿ ಒಂದು ಕಡೆ ರಾಡು, ರೀಲು, ಲೈನು ಎಲ್ಲ ಸೇರಿದ ಸೆಟ್ ತರಿಸಿದೆ. ರಾಡಿನ ಮೇಲೆ 6 ಅಂತ ಇತ್ತು, ಅಂದರೆ 6 ನಂಬರ್ ಲೈನಿಗೆ ಹೊಂದುವ ರಾಡು. ಲೈನಿನ ಮೇಲೆ ಏನೂ ಇರಲಿಲ್ಲ. ಬೀಸಿದರೆ ಲೈನು ಹಸಿ ಶಾವಿಗೆ ಹಾಗೆ ಮುಂದೆ ಗುಪ್ಪೆಯಾಗಿ ಬೀಳುತ್ತಿತ್ತು. ಎರಡು ತಿಂಗಳು ನನ್ನ ಕೈಯೇ ಸರಿಯಿಲ್ಲ ಅಂದುಕೊಂಡೆ.

ಒಂದು ದಿನ ತಲೆ ಕೆಟ್ಟು ಲೈನನ್ನು ಅಂಗಡಿ ಕಟ್ಟೆ ಮೇಲೆ ಹಾಸಿದೆ. ಲೈನಿನ ನಂಬರ್ ಅಂದರೆ ಅದರ ಮೊದಲ 30 ಅಡಿಯ ತೂಕ. ತುದಿಯ ಸಪೂರ ಭಾಗ ಲೆಕ್ಕಕ್ಕಿಲ್ಲ. ಅಮೆರಿಕದ ಮೀನುಗಾರಿಕೆ ಸಾಮಾನು ತಯಾರಕರು 1960ರ ದಶಕದ ಶುರುವಿನಲ್ಲಿ ಮಾಡಿಕೊಂಡ ಲೆಕ್ಕ ಇದು, ಈಗಲೂ ಅದೇ ನಡೆಯುತ್ತದೆ. ನಮ್ಮ ಟೇಪು 60 ಇಂಚು, ಅಂದರೆ ಐದು ಅಡಿ. ಆರು ಸಲ ಹಿಡಿದರೆ 30 ಅಡಿ. ಅಲ್ಲಿಗೆ ಸೀಮೆಸುಣ್ಣದ ಗುರುತು ಹಾಕಿದೆ. ಪಕ್ಕದ ಪತ್ತಾರ ಮಾಮಾನ ಅಂಗಡಿಗೆ ಒಯ್ದೆ. ಆ 30 ಅಡಿಯನ್ನು ಸುರುಳಿ ಮಾಡಿ ತಕ್ಕಡಿಯಲ್ಲಿಟ್ಟು, ಉಳಿದ ಲೈನನ್ನು ಭಾರ ಬೀಳದ ಹಾಗೆ ಕೈಯಲ್ಲಿ ಹಿಡಿದೆ.

"ಬಂಗಾರ ತೂಗೋ ತಕ್ಕಡ್ಯಾಗ ದಾರ ತೂಗಿಸಿದವ ನೀನ ಮೊದಲನೇದವ ನೋಡಪಾ" ಅಂದ ಮಾಮಾ. ತೂಕ ಬಂದದ್ದು ಆರೂವರೆ ಗ್ರಾಮು. ಅದು 3 ನಂಬರ್ ಲೈನು. 6 ನಂಬರ್ ರಾಡಿಗೆ ಬೇಕಾದದ್ದು ಹತ್ತು ಗ್ರಾಮಿಗಿಂತ ಸ್ವಲ್ಪ ಜಾಸ್ತಿ. ಆ ರಾಡು ಬಗ್ಗಿಯೇ ಇರಲಿಲ್ಲ!

ನಿಮಗೂ ಹೆಸರಿಲ್ಲದ ಲೈನು ಬಂದಿದ್ದರೆ ತೂಗಿ ನೋಡಿ. 5 ನಂಬರ್ ಅಂದರೆ ಸುಮಾರು 9 ಗ್ರಾಮು, 6 ಅಂದರೆ 10.4, 7 ಅಂದರೆ 12, 8 ಅಂದರೆ 13.6. ಅರ್ಧ ಗ್ರಾಮಿನ ಹೆಚ್ಚು ಕಡಿಮೆಗೆ ತಲೆ ಕೆಡಿಸಿಕೊಳ್ಳಬೇಡಿ.

ಈಗ ನಮ್ಮ ಕಡೆ ಮೀನು. ವಿಡಿಯೋಗಳಲ್ಲಿ ತೋರಿಸುವುದು ಜಾಸ್ತಿ ಟ್ರೌಟ್. ಅದು ತಣ್ಣೀರಿನ ಮೀನು. ಹಿಮಾಚಲದ ತೀರ್ಥನ್ ಕಣಿವೆ, ಕಾಶ್ಮೀರ, ಇತ್ತ ಮುನ್ನಾರಿನಂಥ ಎತ್ತರದ ಜಾಗದಲ್ಲಿ ಸಿಗುತ್ತದೆ. ನಮ್ಮ ವರದಾ, ತುಂಗಭದ್ರಾ ಬೆಚ್ಚಗಿನ ನೀರು. ಹಾಗಾಗಿ ಅವರು ಸೊಂಟದವರೆಗೆ ಹಾಕಿಕೊಳ್ಳುವ ರಬ್ಬರ್ ಪ್ಯಾಂಟು ನಮಗೆ ಬೇಡ. ಬೇಡ ಅನ್ನುವುದಕ್ಕೆ ಇನ್ನೊಂದು ಕಾರಣ ಇದೆ. ಮರಳು ತೆಗೆದ ಗುಂಡಿಗಳು ಮೇಲಿನಿಂದ ಕಾಣುವುದಿಲ್ಲ. ಮೊಣಕಾಲು ನೀರು ಅಂತ ಇಳಿದರೆ ಮುಂದಿನ ಹೆಜ್ಜೆಗೆ ತಲೆ ಮುಳುಗಬಹುದು. ದಂಡೆಯಲ್ಲೇ ನಿಲ್ಲಿ. ಹುಲ್ಲಿನಲ್ಲಿ ಹಾವು ಇರುತ್ತವೆ, ಗಂಬೂಟು ಇರಲಿ.

ನನಗೆ ಫ್ಲೈಗೆ ಸಿಗುವವು ಮುಖ್ಯವಾಗಿ ಎರಡು. ಒಂದು ಜಿಲೇಬಿ, ಅಂದರೆ ತಿಲಾಪಿಯಾ. ಇನ್ನೊಂದು ಕೊರವ, ಪೇಟೆಯಲ್ಲಿ ಮುರ್ರೆಲ್ ಅನ್ನುತ್ತಾರೆ. ರೋಹು, ಕಾಟ್ಲಾ ನೀರಿನ ಪಾಚಿ, ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿ ತಿಂದು ಬೆಳೆಯುವವು. ಅವನ್ನು ಫ್ಲೈಗೆ ಎಳೆಯುವುದು ಕಷ್ಟ, ಹೊಸಬರು ಆ ಆಸೆ ಬಿಡಿ.

ಜಿಲೇಬಿಗೆ ಸಣ್ಣ ಫ್ಲೈ ಸಾಕು, 6 ನಂಬರ್ ಸರಿಯಾಗುತ್ತದೆ. ಕೊರವ ಕಪ್ಪೆಯನ್ನೇ ನುಂಗುವ ಮೀನು, ಇರುವುದು ಕಳೆ ನಡುವೆ. ದೊಡ್ಡ ಫ್ಲೈ ಎಸೆಯಲು, ಸಿಕ್ಕ ಮೀನನ್ನು ಕಳೆಯಿಂದ ಹೊರಗೆಳೆಯಲು 8 ನಂಬರ್ ಬೇಕು. ಹಮ್ಮಿಗಿ ಬ್ಯಾರೇಜಿನ ಹಿನ್ನೀರಿನಂಥ ಬಯಲಲ್ಲಿ ಗಾಳಿ ಜೋರು, ಅಲ್ಲೂ 8 ಒಳ್ಳೆಯದು. ಒಂದೇ ತಗೊಳ್ಳುವುದಾದರೆ? ನಾನಾದರೆ 6. ಯಾಕೆಂದರೆ ಕಲಿಯುವಾಗ ಕೈ ನೋಯಬಾರದು, ಮತ್ತು ಜಿಲೇಬಿ ದಿನಾ ಸಿಗುತ್ತದೆ. ಕೊರವ ಮರ್ಜಿ ಬಂದಾಗ ಮಾತ್ರ.

ದುಡ್ಡು ಹಾಕುವುದಿದ್ದರೆ ಲೈನಿಗೆ ಹಾಕಿ. ಡಬ್ಬದ ಮೇಲೆ ಡಬ್ಲ್ಯೂಎಫ್-6-ಎಫ್ ಅಂತ ಇರಬೇಕು. ಮೊದಲಿನದು ತೂಕ ಮುಂಭಾಗದಲ್ಲಿದೆ ಅಂತ, ನಡುವಿನದು ನಂಬರು, ಕೊನೆಯ ಎಫ್ ಅಂದರೆ ತೇಲುತ್ತದೆ ಅಂತ. ಮುಳುಗುವ ಲೈನು ಮೊದಲ ವರ್ಷ ಬೇಡ. ಇನ್ನೊಂದು ಮಾತು, ಇದನ್ನು ಯಾರೂ ಹೇಳುವುದಿಲ್ಲ. ತಣ್ಣೀರಿಗೆ ಮಾಡಿದ ಲೈನು ನಮ್ಮ ಏಪ್ರಿಲ್ ಬಿಸಿಲಿಗೆ ಮೆತ್ತಗಾಗಿ ರಾಡಿಗೆ ಅಂಟುತ್ತದೆ. ಡಬ್ಬದ ಮೇಲೆ ಟ್ರಾಪಿಕಲ್ ಅಥವಾ ವಾರ್ಮ್ ವಾಟರ್ ಅಂತ ಇದೆಯಾ ನೋಡಿ. ಬೈಕಿನ ಡಿಕ್ಕಿಯಲ್ಲಿ ಬಿಸಿಲಿಗೆ ಬಿಡಬೇಡಿ. ಸೊಳ್ಳೆಗೆ ಅಂತ ಕೈಗೆ ಹಚ್ಚುವ ಕ್ರೀಮಿನಲ್ಲಿ ಡೀಟ್ ಇದ್ದರೆ ಅದು ಲೈನಿನ ಪ್ಲಾಸ್ಟಿಕ್ಕನ್ನು ತಿನ್ನುತ್ತದೆ. ಬಣ್ಣ ಹಳದಿಯೋ ಕಿತ್ತಳೆಯೋ ಇರಲಿ, ನಿಮಗೆ ಕಾಣಬೇಕಲ್ವಾ. ಮೀನಿನ ಕಣ್ಣಿಗೆ ಕಾಣಬಾರದ್ದು ಅದರ ಮುಂದೆ ಕಟ್ಟುವ ಸಪೂರ ನೈಲಾನ್, ಅಂದರೆ ಲೀಡರ್.

ರಾಡು ಒಂಬತ್ತು ಅಡಿಯದು, ನಾಲ್ಕು ತುಂಡಿನದು ತಗೊಳ್ಳಿ. ಬಸ್ಸಿನಲ್ಲಾದರೂ ಒಯ್ಯಬಹುದು. ಬರೀ ತುದಿ ಬಗ್ಗುವ ಬಿರುಸು ರಾಡು ಕಲಿಯುವವರಿಗಲ್ಲ. ನಡುವಿನವರೆಗೂ ಬಗ್ಗುವುದನ್ನು ಆರಿಸಿ, ಲೈನಿನ ಭಾರ ಕೈಗೆ ತಿಳಿಯುತ್ತದೆ. ಕೊಳ್ಳುವಾಗ ಒಂದು ಚೂರು ಹತ್ತಿ ಒಯ್ಯಿರಿ. ಲೈನು ಹಾಯುವ ಪ್ರತಿ ಉಂಗುರದೊಳಗೂ ಹತ್ತಿ ಎಳೆಯಿರಿ. ಎಳೆ ಸಿಕ್ಕಿಕೊಂಡರೆ ಅಲ್ಲಿ ಸೀಳಿದೆ ಅಂತ. ಅಂಥ ಉಂಗುರ ನಾಲ್ಕು ದಿನದಲ್ಲಿ ಲೈನನ್ನು ಹೆರೆದು ಹಾಕುತ್ತದೆ. ಮಷೀನಿನ ಸೂಜಿ ತುದಿ ಮುರಿದಿದೆಯಾ ಅಂತ ನಾವು ನೈಲಾನ್ ಬಟ್ಟೆ ಮೇಲೆ ಎಳೆದು ನೋಡುತ್ತೇವೆ, ಅದೇ ಉಪಾಯ.

ಈ ರಾಡುಗಳು ಕಾರ್ಬನ್ನಿನವು. ಕಾರ್ಬನ್ ಕರೆಂಟು ಹರಿಸುತ್ತದೆ. ನಮ್ಮ ಹೊಳೆ ದಂಡೆ ತುಂಬ ಪಂಪ್‌ಸೆಟ್ಟು, ಅದಕ್ಕೆ ಜೋತುಬಿದ್ದ ವೈರು. ರಾಡು ಜೋಡಿಸುವ ಮೊದಲು ತಲೆ ಎತ್ತಿ ನೋಡಿ. ವೈರು ಇದ್ದರೆ ಜಾಗ ಬದಲಿಸಿ. ಗುಡುಗು ಶುರುವಾದರೆ ರಾಡು ಮಡಚಿ.

ರೀಲಿನ ಬಗ್ಗೆ ಹೇಳುವುದು ಕಡಿಮೆ. ನಮ್ಮ ಮೀನಿಗೆ ಅದು ಲೈನು ಸುತ್ತಿಡುವ ಡಬ್ಬಿ. ಜಿಲೇಬಿಯನ್ನು ಕೈಯಿಂದಲೇ ಲೈನು ಎಳೆದು ತರುತ್ತೇವೆ. ರಾಡಿನ ನಂಬರಿಗೆ ಹೊಂದುವ, ಸಲೀಸಾಗಿ ತಿರುಗುವ ಸಾದಾ ರೀಲು ಸಾಕು. ಹತ್ತು ಸಾವಿರ ಇದ್ದರೆ ಲೈನಿಗೆ ನಾಲ್ಕು, ರಾಡಿಗೆ ನಾಲ್ಕು, ರೀಲಿಗೆ ಒಂದು, ಉಳಿದದ್ದು ಲೀಡರ್, ಕೊಕ್ಕೆಗೆ. ನನ್ನ ಲೆಕ್ಕ ಇದು.

ಲೀಡರ್ ಅಂದರೆ ಲೈನಿನ ತುದಿಗೆ ಕಟ್ಟುವ, ಬರುಬರುತ್ತಾ ಸಪೂರವಾಗುವ ನೈಲಾನ್. ಒಂಬತ್ತು ಅಡಿಯದು ತಗೊಳ್ಳಿ. ಅದರ ತುದಿಗೆ ಸೇರಿಸುವ ಸಣ್ಣ ತುಂಡು ಟಿಪ್ಪೆಟ್. ಇದರ ನಂಬರು ಹೊಸಬರಿಗೆ ಗೊಂದಲ. ನನಗೆ ಆಗಲಿಲ್ಲ. ನಮ್ಮಲ್ಲಿ ಸೂಜಿ ನಂಬರ್ ಏರಿದರೆ ಸೂಜಿ ದಪ್ಪ, ದಾರದ ನಂಬರ್ ಏರಿದರೆ ದಾರ ಸಪೂರ. ಟಿಪ್ಪೆಟ್ ದಾರದ ಜಾತಿ. 2 ಎಕ್ಸ್ ದಪ್ಪ, 6 ಎಕ್ಸ್ ಕೂದಲಿನಂಥದು. 11ರಲ್ಲಿ ಎಕ್ಸ್ ಮುಂದಿನ ಅಂಕಿ ಕಳೆದರೆ ಇಂಚಿನ ಸಾವಿರದ ಎಷ್ಟನೇ ಪಾಲು ಅಂತ ಸಿಗುತ್ತದೆ. 4 ಎಕ್ಸ್ ಅಂದರೆ ಏಳು, ಅಂದರೆ ಸುಮಾರು 0.18 ಮಿಲಿಮೀಟರ್. ಕೊಕ್ಕೆಯೂ ಹಾಗೇ, 12 ಅಂದರೆ ಸಣ್ಣದು, 6 ಅಂದರೆ ದೊಡ್ಡದು. ಕೊಕ್ಕೆ ನಂಬರನ್ನು ಮೂರರಿಂದ ಭಾಗಿಸಿದರೆ ಹೊಂದುವ ಎಕ್ಸ್ ಸಿಗುತ್ತದೆ. 12ಕ್ಕೆ 4. ಆದರೆ ಈ ಲೆಕ್ಕ ತಿಳಿನೀರಿನವರದು. ಬಳ್ಳಾರಿ ಜಾಲಿ ಮುಳ್ಳು ಬಿದ್ದಿರುವ ನಮ್ಮ ಹೊಳೆಯಲ್ಲಿ ನಾನು 2 ಎಕ್ಸ್ ಕಟ್ಟುತ್ತೇನೆ. ಕೊರವಕ್ಕೆ ಹಲ್ಲು ಇದೆ, ಅದಕ್ಕೆ 0.40 ಮಿಲಿಮೀಟರಿನ ಸಾದಾ ನೈಲಾನ್ ದಾರ. ಗಂಟು ಬಿಗಿಯುವ ಮೊದಲು ಎಂಜಲು ಹಚ್ಚಿ. ಒಣಗಂಟು ಎಳೆದರೆ ತಿಕ್ಕಾಟದ ಬಿಸಿಗೆ ನೈಲಾನ್ ಸತ್ವ ಕಳೆದುಕೊಳ್ಳುತ್ತದೆ.

ಫ್ಲೈಗಳನ್ನು ನಾನೇ ಮಾಡುತ್ತೇನೆ. ಜವಾರಿ ಹುಂಜದ ಕುತ್ತಿಗೆ ಗರಿ ಕೋಳಿ ಅಂಗಡಿಯಲ್ಲಿ ಪುಕ್ಕಟೆ. ಪಾಲಿಯೆಸ್ಟರ್ ದಾರ ನನ್ನಲ್ಲೇ ಇದೆ. ಕೊನೆಯ ಗಂಟಿಗೆ ಮಗಳ ನೇಲ್ ಪಾಲಿಶ್, ಅವಳ ಬೈಗುಳ ಬೇರೆ. 10 ಅಥವಾ 12 ನಂಬರ್ ಕೊಕ್ಕೆಗೆ ಕಪ್ಪು, ಕಂದು ಬಣ್ಣ ಸುತ್ತಿದರೆ ಜಿಲೇಬಿಗೆ ಸಾಕು. ಕೊರವಕ್ಕೆ ಹಳೆ ಹವಾಯಿ ಚಪ್ಪಲಿ ಕೊಯ್ದು ಕಪ್ಪೆ ಮಾಡುತ್ತೇನೆ, ಚೆನ್ನಾಗಿ ತೇಲುತ್ತದೆ. ಕೊಕ್ಕೆ ಮುಂದೆ ನೈಲಾನಿನ ಒಂದು ಬಳೆ ಕಟ್ಟಿದರೆ ಕಳೆಗೆ ಸಿಕ್ಕುವುದಿಲ್ಲ. ನೀರ ಮೇಲೆ ಕೆಂಪು ಮರಿಗಳ ಗುಂಪು ಕಂಡರೆ ಅಲ್ಲಿ ಎಸೆಯಬೇಡಿ. ಕೆಳಗೆ ತಾಯಿ ತಂದೆ ಕಾವಲಿರುತ್ತವೆ. ಅವನ್ನು ಹಿಡಿದರೆ ಮರಿಗಳೂ ಹೋದವು ಅಂತಲೇ.

ಕೊಕ್ಕೆಯ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿಬಿಡಿ. ಮೀನಿಗೂ ಒಳ್ಳೆಯದು, ನಿಮ್ಮ ಕಿವಿಗೂ ಒಳ್ಳೆಯದು. ಟೋಪಿ, ಕನ್ನಡಕ ಇಲ್ಲದೆ ಬೀಸಲೇಬೇಡಿ. ಇನ್ನೊಂದು, ಸೊಂಟಕ್ಕೆ ಒಂದು ಪ್ಲಾಸ್ಟಿಕ್ ಬುಟ್ಟಿ ಕಟ್ಟಿಕೊಳ್ಳಿ. ಎಳೆದ ಲೈನು ನೆಲಕ್ಕೆ ಬಿದ್ದರೆ ಜಾಲಿ ಮುಳ್ಳು ಹಿಡಿದುಕೊಳ್ಳುತ್ತದೆ. ವಿದೇಶದಲ್ಲಿ ಇದಕ್ಕೇ ಅಂತ ಬುಟ್ಟಿ ಮಾರುತ್ತಾರೆ. ನಾನು ಸಂತೆಯಲ್ಲಿ ಕೊಂಡ ತರಕಾರಿ ಬುಟ್ಟಿಗೆ ಹಳೆ ಬೆಲ್ಟು ಹೊಲಿದುಕೊಂಡಿದ್ದೇನೆ.

ಕೆರೆಗೆ ಹೋಗುವ ಮೊದಲು ವಿಚಾರಿಸಿ. ಹೆಚ್ಚಿನ ಕೆರೆಗಳ ಮೀನು ಗುತ್ತಿಗೆಗೆ ಹೋಗಿರುತ್ತದೆ. ಗುತ್ತಿಗೆದಾರರನ್ನು ಕೇಳಿದರೆ ಎಷ್ಟೋ ಸಲ "ಹಿಡೀರಿ, ನೋಡೂಣು ನಿಮ್ಮ ಆಟ" ಅನ್ನುತ್ತಾರೆ. ಕೇಳದೆ ಹೋದರೆ ಜಗಳ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಮಾತ್ರ ರಾಡು ಒಯ್ಯಬೇಡಿ. ಅದು ಪಕ್ಷಿಧಾಮ, ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬಂದು ಇಳಿಯುವ ಜಾಗ. ಬೇರೆ ಎಲ್ಲೇ ಆದರೂ ತುಂಡಾದ ನೈಲಾನ್ ಅಲ್ಲೇ ಬಿಡದೆ ಜೇಬಿಗೆ ಹಾಕಿಕೊಳ್ಳಿ, ಹಕ್ಕಿ ಕಾಲಿಗೆ ಸುತ್ತಿಕೊಳ್ಳುತ್ತದೆ.

ನೀರಿಗೆ ಹೋಗುವ ಮೊದಲು ಹದಿನೈದು ದಿನ ಹುಲ್ಲಿನ ಮೇಲೆ ಬೀಸಿ. ಫ್ಲೈ ಬದಲು ಕೆಂಪು ಉಲನ್ ಎಳೆ ಕಟ್ಟಿ. ಹಿಂದೆ ಬೀಸಿದಾಗ ಲೈನು ಪೂರ್ತಿ ನೆಟ್ಟಗಾಗುವವರೆಗೆ ತಡೆಯಬೇಕು, ಆಮೇಲೆ ಮುಂದೆ. ಅವಸರ ಮಾಡಿದರೆ ಬಾರುಕೋಲಿನ ಹಾಗೆ ಚಟ್ ಅಂತ ಸದ್ದು ಬರುತ್ತದೆ. ಆ ಸದ್ದು ಬಂತು ಅಂದರೆ ತುದಿಯ ಗಂಟು ಹರಿದು ಫ್ಲೈ ಹಾರಿಹೋಗಿರಬಹುದು. ಕೂಡಲೇ ಎಳೆದು ನೋಡಿ.

ನಾನು ಮೊದಲ ದಿನ ನೋಡಿರಲಿಲ್ಲ. ಚಟ್ ಚಟ್ ಅನ್ನುವುದೇ ಖುಷಿಯಾಗಿ ಅರ್ಧ ಗಂಟೆ ಬೀಸಿದ್ದೆ. ಕಾಕಾ ಹೋದ ಮೇಲೆ ಲೈನು ಎಳೆದುಕೊಂಡು ನೋಡಿದರೆ ತುದಿಯಲ್ಲಿ ಫ್ಲೈ ಇರಲೇ ಇಲ್ಲ.