ಬೆಂಕಿಗಿಂತ ಮೊದಲು ಹೊಗೆ

ಬೆಂಗಳೂರಿನ ಅಗ್ನಿಶಾಮಕ ಠಾಣೆಗಳಲ್ಲಿ ಬಹಳ ವರ್ಷ ಕೆಲಸ ಮಾಡಿದ್ದೇನೆ. ಜನ ನಮ್ಮನ್ನು ಕೇಳುವುದು ಬೆಂಕಿಯ ಬಗ್ಗೆ. ನನ್ನ ತಲೆಯಲ್ಲಿ ಸದಾ ಇರುವುದು ಹೊಗೆ. ಬೆಂಕಿ ಇನ್ನೂ ಅಡುಗೆಮನೆಯಲ್ಲೇ ಇರುತ್ತದೆ, ಅಷ್ಟರಲ್ಲಿ ಹೊಗೆ ಮೂರು ಮಹಡಿ ಹತ್ತಿರುತ್ತದೆ. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮಲಗಿದವರು ಎಚ್ಚರವಾಗದೆಯೇ ಹೋಗಿಬಿಡಬಹುದು.

ಬೆಲ್ ಹೊಡೆದ ಕೂಡಲೇ ಬೂಟು, ಕೋಟು, ಹೆಲ್ಮೆಟ್ ಹಾಕಿಕೊಂಡು ಗಾಡಿ ಹತ್ತುತ್ತೇವೆ. ದಾರಿಯಲ್ಲೇ ಕರೆ ಮಾಡಿದವರಿಗೆ ವಾಪಸ್ ಫೋನ್ ಮಾಡುತ್ತಿದ್ದೆ. ಒಳಗೆ ಯಾರಾದರೂ ಇದ್ದಾರಾ? ಯಾವ ಮಹಡಿ? ಗ್ಯಾಸ್ ಸಿಲಿಂಡರ್ ಎಲ್ಲಿದೆ? ಇಷ್ಟು ಗೊತ್ತಾದರೆ ಅರ್ಧ ಕೆಲಸ ಆದ ಹಾಗೆ. ಚಿಕ್ಕಪೇಟೆ, ಅವೆನ್ಯೂ ರಸ್ತೆ ಕಡೆಯ ಗಲ್ಲಿಗಳಲ್ಲಿ ಎಷ್ಟೋ ಕಡೆ ದೊಡ್ಡ ಗಾಡಿ ಒಳಗೆ ಹೋಗುವುದೇ ಇಲ್ಲ. ಮೂಲೆಯಲ್ಲಿ ನಿಲ್ಲಿಸಿ, ಹೋಸ್‌ಗಳನ್ನು ಒಂದಕ್ಕೊಂದು ಜೋಡಿಸುತ್ತಾ ಓಡಬೇಕು. ನೀರು ತುಂಬಿದ ಮೇಲೆ ಅದನ್ನು ಮೆಟ್ಟಿಲಲ್ಲಿ ತಿರುಗಿಸುವುದು ಇಬ್ಬರಿಗೂ ಕಷ್ಟ. ಹಾಗಾಗಿ ಖಾಲಿ ಇರುವಾಗಲೇ ಬಾಗಿಲ ತನಕ ಎಳೆದು, ಮಡಿಕೆ ಬಿಡಿಸಿ, ಆಮೇಲಷ್ಟೇ ನೀರು ಬಿಡಿಸುತ್ತಿದ್ದೆ.

ಮುಚ್ಚಿದ ಬಾಗಿಲನ್ನು ನಾನು ಯಾವತ್ತೂ ಸೀದಾ ತೆಗೆದಿಲ್ಲ. ಗ್ಲೌಸ್ ಕಳಚಿ, ಅಂಗೈ ಅಲ್ಲ, ಕೈಯ ಹಿಂಭಾಗವನ್ನು ಬಾಗಿಲ ಹತ್ತಿರ ಹಿಡಿದು ಕೆಳಗಿನಿಂದ ಮೇಲಕ್ಕೆ ನಿಧಾನಕ್ಕೆ ತರುತ್ತೇನೆ. ಶಾಖ ಎಷ್ಟು ಎತ್ತರದಲ್ಲಿ ಶುರುವಾಗುತ್ತದೆ ಅನ್ನುವುದು ಅಲ್ಲೇ ಗೊತ್ತಾಗುತ್ತದೆ. ಸಂದಿಯಿಂದ ಹೊಗೆ ಹೊರಗೆ ಬಂದು ಮತ್ತೆ ಒಳಗೆ ಎಳೆದುಕೊಳ್ಳುತ್ತಿದ್ದರೆ ಜಾಸ್ತಿ ಹುಷಾರಾಗಬೇಕು. ಒಳಗಿನ ಬೆಂಕಿಗೆ ಗಾಳಿ ಸಾಲುತ್ತಿಲ್ಲ ಅಂತ ಅರ್ಥ. ಆಗ ಬಾಗಿಲು ಪೂರ್ತಿ ತೆಗೆದರೆ ಜ್ವಾಲೆ ಒಮ್ಮೆಗೇ ಮೈಮೇಲೆ ಬರುತ್ತದೆ.

ಒಳಗೆ ಹೋಗುವುದು ಯಾವಾಗಲೂ ಇಬ್ಬರೇ, ಬಿ.ಎ. ಸೆಟ್ ಅಂದರೆ ಹೊಗೆಯಲ್ಲಿ ಉಸಿರಾಡಲು ಬೇಕಾದ ಸಾಧನ ಹಾಕಿಕೊಂಡು. ಬೆನ್ನಿನ ಮೇಲಿನ 6 ಲೀಟರ್ ಸಿಲಿಂಡರ್‌ನಲ್ಲಿ 300 ಬಾರ್ ಒತ್ತಡದ ಗಾಳಿ ಇರುತ್ತದೆ. ಲೆಕ್ಕಕ್ಕೆ ಸುಮಾರು 45 ನಿಮಿಷ ಅನ್ನುತ್ತಾರೆ. ಏದುಸಿರು ಬಿಡುತ್ತಾ ಕೆಲಸ ಮಾಡುವಾಗ ಅಷ್ಟು ಬರುವುದಿಲ್ಲ. ಗಾಳಿ ಮುಗಿಯುತ್ತಾ ಬಂದಾಗ ಸೆಟ್‌ನ ಸೀಟಿ ಕೂಗುತ್ತದೆ. ಅಷ್ಟು ಹೊತ್ತಿಗೆ ನಾವು ಹೊರಗಿರಬೇಕು. ಹೊಗೆಯಲ್ಲಿ ಟಾರ್ಚ್ ಬೆಳಕು ಮೊಳ ದೂರಕ್ಕೂ ಹೋಗುವುದಿಲ್ಲ. ಅಂಬೆಗಾಲಿಟ್ಟು, ಒಂದು ಕೈ ಗೋಡೆಗೆ ತಾಗಿಸಿಕೊಂಡೇ ಹುಡುಕುತ್ತೇವೆ. ಹೋದ ಗೋಡೆ ಹಿಡಿದೇ ವಾಪಸ್. ಮಕ್ಕಳು ಹೆದರಿ ಮಂಚದ ಕೆಳಗೋ, ಬಚ್ಚಲಿನಲ್ಲೋ, ಬೀರು ಸಂದಿಯಲ್ಲೋ ಅಡಗಿರುತ್ತಾರೆ. ಕರೆದರೆ ಓಗೊಡುವುದಿಲ್ಲ. ಮಾಸ್ಕ್ ಹಾಕಿದ ನಮ್ಮನ್ನು ನೋಡಿದರೂ ಭಯ ಅಲ್ವಾ? ಅದಕ್ಕೇ ಆ ಜಾಗಗಳನ್ನು ಕೈಯಿಂದಲೇ ತಡವಿ ನೋಡಬೇಕು.

ಅಡುಗೆ ಗ್ಯಾಸ್ ಸಿಲಿಂಡರ್ ವಿಷಯ ಬೇರೆ. ರೆಗ್ಯುಲೇಟರ್ ಹತ್ತಿರ ಉರಿಯುತ್ತಿದ್ದರೆ, ವಾಲ್ವ್ ಮುಚ್ಚುವ ದಾರಿ ಸಿಗುವ ತನಕ ನಾವು ಆ ಉರಿ ಆರಿಸುವುದಿಲ್ಲ. ದೂರದಿಂದ ನೀರು ಹೊಡೆದು ಸಿಲಿಂಡರ್ ತಣ್ಣಗಿಡುತ್ತೇವೆ. ಉರಿ ಆರಿ ಗ್ಯಾಸ್ ಮಾತ್ರ ಸೋರುತ್ತಿದ್ದರೆ ಅದು ಗಾಳಿಗಿಂತ ಭಾರ, ನೆಲದಲ್ಲೇ ತುಂಬಿಕೊಳ್ಳುತ್ತದೆ. ಒಂದು ಸ್ವಿಚ್ಚಿನ ಕಿಡಿ ಸಾಕು.

2010ರ ಫೆಬ್ರವರಿ 23ರಂದು ಹಳೇ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ದುರಂತದಲ್ಲಿ 9 ಜನ ಸತ್ತರು. ಉಸಿರು ಕಟ್ಟಿ, ತಾಳಲಾರದೆ ಮೇಲಿನಿಂದ ಹಾರಿದವರೂ ಇದ್ದರು. ಅವರನ್ನು ಅಲ್ಲಿಗೆ ತಳ್ಳಿದ್ದು ಹೊಗೆ. ಇವತ್ತಿಗೂ ಅಪಾರ್ಟ್‌ಮೆಂಟ್ ತಪಾಸಣೆಗೆ ಹೋದರೆ ಮೆಟ್ಟಿಲ ಮೇಲೆ ಸೈಕಲ್, ಹಳೇ ಸೋಫಾ, ಚಪ್ಪಲಿ ಸ್ಟ್ಯಾಂಡ್ ಕಾಣಿಸುತ್ತವೆ. ಮೆಟ್ಟಿಲ ಬಾಗಿಲು ತಾನೇ ಮುಚ್ಚಿಕೊಳ್ಳಬಾರದು ಅಂತ ಕಲ್ಲು ಇಟ್ಟಿರುತ್ತಾರೆ. ಆ ಬಾಗಿಲು ಮುಚ್ಚಿದ್ದರೇ ಹೊಗೆ ಮೆಟ್ಟಿಲಿಗೆ ಬರುವುದಿಲ್ಲ. ಆದರೆ ಬೀಗ ಹಾಕಿರಬಾರದು. ಈ ಮಾತು ಹೇಳಿ ಹೇಳಿ ನನಗೆ ಬೇಸರವಾಗಿಲ್ಲ, ಮುಂದೆಯೂ ಹೇಳುತ್ತೇನೆ.

ಮೆಟ್ಟಿಲಲ್ಲಿ ಆಗಲೇ ಹೊಗೆ ತುಂಬಿದ್ದರೆ ಇಳಿಯಬೇಡಿ, ಲಿಫ್ಟ್ ಹತ್ತಲೇಬೇಡಿ. ಮನೆಯೊಳಗೇ ಇದ್ದು ಬಾಗಿಲು ಮುಚ್ಚಿ, ಕೆಳಗಿನ ಸಂದಿಗೆ ಒದ್ದೆ ಬಟ್ಟೆ ತುರುಕಿ. ರಸ್ತೆ ಕಡೆಯ ಕಿಟಕಿಗೆ ಬನ್ನಿ. 101 ಅಥವಾ 112ಕ್ಕೆ ಕರೆ ಮಾಡಿ ಎಷ್ಟನೇ ಮಹಡಿ, ಯಾವ ದಿಕ್ಕಿನ ಕಿಟಕಿ, ಎಷ್ಟು ಜನ ಅಂತ ಹೇಳಿ. ಏಣಿ ಎಲ್ಲಿಗೆ ಎತ್ತಬೇಕು ಅನ್ನುವುದು ನಮಗೆ ಗಾಡಿಯಲ್ಲಿರುವಾಗಲೇ ಗೊತ್ತಾಗುತ್ತದೆ.