ಮೀಟರಿನ ಬೆನ್ನ ಮೇಲಿನ ಅಂಕಿಗಳು

ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಕೆಡುವ ಹೊಲಿಗೆ ಯಂತ್ರಗಳ ಕಂಟ್ರೋಲ್ ಬೋರ್ಡ್ ದುರಸ್ತಿ ನನ್ನ ಕಸುಬು. ಎರಡು ವರ್ಷಗಳ ಹಿಂದೆ ಕೌಲ್ ಬಜಾರಿನ ಗುಜರಿ ಅಂಗಡಿಯೊಂದರಲ್ಲಿ ಹ್ಯೂಲೆಟ್-ಪ್ಯಾಕರ್ಡ್ (ಎಚ್‌ಪಿ) ಕಂಪನಿಯ 3478ಎ ಮಲ್ಟಿಮೀಟರ್, ಅಂದರೆ ವೋಲ್ಟೇಜ್, ಕರೆಂಟು, ರೆಸಿಸ್ಟನ್ಸ್ ಅಳೆಯುವ ಉಪಕರಣ, ಕಣ್ಣಿಗೆ ಬಿತ್ತು. ಐದೂವರೆ ಅಂಕಿ ತೋರಿಸುವ ಮೀಟರು ತಕ್ಕಡಿಯ ಮೇಲೆ ಕಬ್ಬಿಣದ ಜೊತೆ ಮಲಗಿತ್ತು. ಕೈಪಿಡಿ ಇದೆಯೇ ಎಂದು ಕೇಳಿದೆ. "ಪುಸ್ತಕ ರದ್ದಿಗೆ ಹೋಯಿತಣ್ಣ, ಮೀಟರು ಬೇಕಿದ್ದರೆ ತೆಗೆದುಕೊಳ್ಳಿ" ಎಂದರು.

ಮನೆಗೆ ತಂದು ಸ್ವಿಚ್ ಹಾಕಿದರೆ ಅಂಕಿಗಳು ಬಂದವು. ಆದರೂ ಮುಚ್ಚಳ ಬಿಚ್ಚಲಿಲ್ಲ. ಸರ್ಕ್ಯೂಟ್ ಓದದೆ ಸ್ಕ್ರೂ ಮುಟ್ಟಬಾರದು ಎಂಬುದು ನಾನು ಬಿಡದೆ ಪಾಲಿಸುವ ನಿಯಮ. ಈ ಸಲ ಮೀಟರನ್ನು ಉಳಿಸಿದ್ದು ಆ ನಿಯಮವೇ.

ಕೈಪಿಡಿಯ ಹುಡುಕಾಟ ಶುರುವಾಗಬೇಕಾದದ್ದು ಉಪಕರಣದ ಬೆನ್ನಿನ ಪಟ್ಟಿಯಿಂದ. ನನ್ನದರ ಸೀರಿಯಲ್ ನಂಬರ್ 2545ಎ ಎಂದು ಆರಂಭವಾಗುತ್ತಿತ್ತು. ಎಚ್‌ಪಿಯ ಲೆಕ್ಕದಲ್ಲಿ ಮೊದಲೆರಡು ಅಂಕಿಗೆ 1960 ಕೂಡಿಸಬೇಕು, ಮುಂದಿನೆರಡು ವಾರದ ಸಂಖ್ಯೆ: ಅಂದರೆ 1985ರ 45ನೇ ವಾರ. 'ಎ' ಅಕ್ಷರ ಅಮೆರಿಕದಲ್ಲಿ ತಯಾರಾದದ್ದು ಎಂದು ಹೇಳುತ್ತದೆ. ಇದು ಆ ಮೀಟರು ಹುಟ್ಟಿದ ದಿನವಲ್ಲ, ಅದರ ವಿನ್ಯಾಸ ಕೊನೆಯ ಸಲ ಬದಲಾದ ಕಾಲ. ಕೈಪಿಡಿಯ ಮೊದಲ ಪುಟಗಳಲ್ಲಿ ಅದು ಯಾವ ಸೀರಿಯಲ್‌ಗೆ ಅನ್ವಯಿಸುತ್ತದೆ ಎಂದು ಬರೆದಿರುತ್ತದೆ. ನಮ್ಮದು ಅದಕ್ಕಿಂತ ಹಳೆಯದಾದರೆ ಬದಲಾವಣೆಗಳ ಅಧ್ಯಾಯವನ್ನೂ ಓದಬೇಕು. ಈ ಒಂದು ಪುಟವನ್ನು ದಾಟಿ ಹೋಗುವವರು ಬೋರ್ಡಿನಲ್ಲಿಲ್ಲದ ರೆಸಿಸ್ಟರನ್ನು ಹುಡುಕುತ್ತ ಕೂರುತ್ತಾರೆ.

ಹೆಸರೂ ಬದಲಾಗುತ್ತದೆ. ಎಚ್‌ಪಿಯ ಅಳತೆ ಉಪಕರಣಗಳ ವಿಭಾಗ 1999ರಲ್ಲಿ ಅಜಿಲೆಂಟ್ ಆಯಿತು, 2014ರಲ್ಲಿ ಕೀಸೈಟ್ ಆಯಿತು. ಮೂರೂ ಹೆಸರುಗಳನ್ನು ಮಾದರಿ ಸಂಖ್ಯೆಯ ಜೊತೆ ಹಾಕಿ ಹುಡುಕಿದೆ. ಮೊದಲು ಸಿಕ್ಕಿದ್ದು ಬಳಕೆದಾರರ ಕೈಪಿಡಿ. ಗುಂಡಿ ಒತ್ತುವುದನ್ನು ಕಲಿಸುವ ಅದು ದುರಸ್ತಿಗೆ ಸಾಲದು. ಸರ್ವಿಸ್ ಮ್ಯಾನ್ಯುವಲ್ ಸಿಕ್ಕಾಗ ರಾತ್ರಿ ಹನ್ನೊಂದು ದಾಟಿತ್ತು.

ಅದರಲ್ಲೇ ತಿಳಿಯಿತು: ಈ ಮೀಟರಿನಲ್ಲಿ ತಿರುಗಿಸಿ ಸರಿಪಡಿಸುವ ಪ್ರೀಸೆಟ್‌ಗಳಿಲ್ಲ. ಅಳತೆಯನ್ನು ನಿಖರವಾಗಿಡುವ ಕ್ಯಾಲಿಬ್ರೇಶನ್ ಅಂಕಿಗಳು ಮೆಮೊರಿ ಚಿಪ್ಪಿನಲ್ಲಿವೆ, ಅದನ್ನು ಜೀವಂತ ಇಟ್ಟಿರುವುದು ಬೋರ್ಡಿಗೆ ಬೆಸುಗೆ ಹಾಕಿದ ಮೂರು ವೋಲ್ಟಿನ ಲಿಥಿಯಂ ಬ್ಯಾಟರಿ. ಹಳೆಯ ಬ್ಯಾಟರಿ ಎಂದು ಕಿತ್ತಿದ್ದರೆ ಅಷ್ಟೂ ಅಳಿಸಿಹೋಗುತ್ತಿತ್ತು. ಮೀಟರನ್ನು ಕಂಪ್ಯೂಟರಿಗೆ ಜೋಡಿಸುವ ಜಿಪಿಐಬಿ ಸಲಕರಣೆ ಇದ್ದವರು ಆ ಅಂಕಿಗಳನ್ನು ಮೊದಲೇ ಕಂಪ್ಯೂಟರಿಗೆ ಇಳಿಸಿಕೊಳ್ಳಬಹುದು. ನನ್ನಲ್ಲಿರಲಿಲ್ಲ. ಎರಡು ಪೆನ್ಸಿಲ್ ಸೆಲ್‌ಗಳನ್ನು ಸರಣಿಯಲ್ಲಿ ಜೋಡಿಸಿ, ಬ್ಯಾಟರಿಯ ತುದಿಗಳಿಗೆ ಸಮಾನಾಂತರವಾಗಿ ಬೆಸೆದು, ಆಮೇಲೆ ಹಳೆಯದನ್ನು ಬಿಡಿಸಿದೆ. ಕಾದ ಬೆಸುಗೆ ಕಡ್ಡಿಯ ಪ್ಲಗ್ಗನ್ನು ಪ್ರತಿ ಸಲವೂ ಕಿತ್ತ ನಂತರವೇ ಬೋರ್ಡಿಗೆ ತಾಗಿಸಿದೆ. ಹೊಸ ಬ್ಯಾಟರಿ ಕೂತಿತು, ಅಂಕಿಗಳು ಉಳಿದವು.

ದೇಶಿ ಉಪಕರಣಗಳಿಗೆ ದಾರಿ ಬೇರೆ. ನನ್ನ ಸೈಂಟಿಫಿಕ್ ಕಂಪನಿಯ ಎಚ್‌ಎಂ203 ಆಸಿಲೊಸ್ಕೋಪಿನ (ವಿದ್ಯುತ್ ಅಲೆಗಳನ್ನು ಪರದೆಯ ಮೇಲೆ ತೋರಿಸುವ ಉಪಕರಣ) ಕೈಪಿಡಿಗಾಗಿ ವಾರಗಟ್ಟಲೆ ತಡಕಾಡಿದೆ. ಅದರ ಮೂಲ ವಿನ್ಯಾಸ ಜರ್ಮನಿಯ ಹಾಮೆಗ್ ಕಂಪನಿಯದು ಎಂದು ಹೊಳೆದ ಮೇಲೆ ಆ ಹೆಸರಿನಲ್ಲಿ ಹುಡುಕಿದೆ, ಅರ್ಧ ಗಂಟೆಯಲ್ಲಿ ಸರ್ಕ್ಯೂಟ್ ಸಿಕ್ಕಿತು. ಟೆಕ್‌ಟ್ರಾನಿಕ್ಸ್ ಕಂಪನಿಯ ಉಪಕರಣ ಇರುವವರಿಗೆ ಟೆಕ್‌ವಿಕಿ ಜಾಲತಾಣ, ಹಳೆಯ ರೇಡಿಯೊ ಉಪಕರಣಗಳಿಗೆ ಬಾಮಾ ಎಂಬ ಕೈಪಿಡಿಗಳ ಆನ್‌ಲೈನ್ ಸಂಗ್ರಹ ಇದೆ, ಎರಡೂ ಉಚಿತ.

ಇಳಿಸಿಕೊಂಡ ಕೂಡಲೇ ಕೊನೆಯ ಪುಟಗಳನ್ನು ತೆರೆದು ನೋಡುತ್ತೇನೆ. ಸರ್ಕ್ಯೂಟ್ ನಕ್ಷೆಯ ಮಡಿಸಿದ ದೊಡ್ಡ ಹಾಳೆಗಳನ್ನು ಸ್ಕ್ಯಾನ್ ಮಾಡುವವರು ಅರ್ಧಕ್ಕೆ ಕತ್ತರಿಸಿಬಿಡುತ್ತಾರೆ, ನಮಗೆ ಬೇಕಾದ ಪವರ್ ಸಪ್ಲೈ ಅಲ್ಲೇ ಇರುತ್ತದೆ. ಹಾಮೆಗ್ ಹಾಳೆ ಎರಡು ತುಂಡಾಗಿಯೇ ಬಂತು. ಎ3 ಕಾಗದದಲ್ಲಿ ಮುದ್ರಿಸಿ, ಅಂಚು ಕೂಡಿಸಿ ಅಂಟಿಸಿ, ಸ್ಕೋಪಿನ ಹಿಡಿಕೆಗೆ ಕಟ್ಟಿದ್ದೇನೆ. ಇನ್ನು ಅದು ಯಾರ ಕೈಗೆ ಹೋದರೂ ಪುಸ್ತಕ ಜೊತೆಗೇ ಹೋಗುತ್ತದೆ.