ಒಂದು ಫ್ರೇಮು, ಎರಡು ನೆಲ: ನನ್ನ ಫುಲ್ ಸಸ್ಪೆನ್ಷನ್ ಸೈಕಲ್ ಆಯ್ಕೆಯ ಅನುಭವ

ಬೆಂಗಳೂರಿನ ತುರಹಳ್ಳಿ ಕಾಡಿನ ಬಂಡೆಗಳಿಗೂ ಸಕಲೇಶಪುರದ ಕಾಫಿ ತೋಟಗಳ ಇಳಿಜಾರಿಗೂ ಒಂದೇ ಫುಲ್ ಸಸ್ಪೆನ್ಷನ್ (ಮುಂದೆ ಹಿಂದೆ ಎರಡೂ ಕಡೆ ಹೊಡೆತ ಹೀರುವ) ಸೈಕಲ್ ಸಾಕು ಎಂದು ನಾನು ಹೇಳಿದಾಗ ನಮ್ಮ ಗುಂಪಿನಲ್ಲಿ ಯಾರೂ ಒಪ್ಪಲಿಲ್ಲ. ಬೆಂಗಳೂರಿನ ಸುತ್ತಮುತ್ತ ಮುಂದೆ ಮಾತ್ರ ಸಸ್ಪೆನ್ಷನ್ ಇರುವ ಹಾರ್ಡ್‌ಟೇಲ್ ಧಾರಾಳವಾಯಿತು, ಘಟ್ಟಕ್ಕೆ 160 ಮಿ.ಮೀ. ಟ್ರಾವೆಲ್ (ಹೊಡೆತಕ್ಕೆ ಚಕ್ರ ಮೇಲೇಳಬಲ್ಲ ದೂರ) ಇಲ್ಲದೆ ಹೋಗಬಾರದು, ನಡುವಿನದನ್ನು ಕೊಳ್ಳುವುದೆಂದರೆ ಎರಡು ದೋಣಿಯಲ್ಲಿ ಕಾಲಿಟ್ಟಂತೆ ಎಂದು ಗುಂಪಿನ ಹಿರಿಯರೊಬ್ಬರು ತೀರ್ಪು ಕೊಟ್ಟಿದ್ದರು. ಕಳೆದ ಅಕ್ಟೋಬರ್‌ನಲ್ಲಿ ತೋಟದ ಇಳಿಜಾರಿನ ಕೊನೆಯಲ್ಲಿ ಅವರಿಗಾಗಿ ನಾನು ಸ್ವಲ್ಪ ಹೊತ್ತು ಕಾಯಬೇಕಾಯಿತು. ಅಲ್ಲಿಗೆ ಬಂದು ನಿಂತವರೇ ನನ್ನ ಶಾಕಿನ (ಹಿಂಭಾಗದ ಹೊಡೆತ ಹೀರುವ ಭಾಗ) ಗಾಳಿಯ ಒತ್ತಡ ಎಷ್ಟೆಂದು ಕೇಳಿದರು. ಈ ಬರಹಕ್ಕೆ ಆ ಪ್ರಶ್ನೆಯೇ ಕಾರಣ.

ಇದಕ್ಕೂ ಮೊದಲು ನನ್ನ ಬಳಿ ಎರಡೂ ತುದಿಯ ಸೈಕಲ್‌ಗಳು ಇದ್ದವು. ಯಲಹಂಕದ ಆಚೆ ಆವಲಹಳ್ಳಿಯ ನೀಲಗಿರಿ ಮರಗಳ ನಡುವಿನ ದಾರಿಯಲ್ಲಿ ಹಾರ್ಡ್‌ಟೇಲ್‌ಗೆ ಸಾಟಿಯಿರಲಿಲ್ಲ. ಆದರೆ ತುರಹಳ್ಳಿಯಲ್ಲಿ ಬಂಡೆಯ ಅಂಚು ಮೆಟ್ಟಿಲಿನಂತೆ ನಿಲ್ಲುವ ಕಡೆ ಹಿಂಚಕ್ರ ಪುಟಿದು ಹಿಡಿತ ಬಿಡುತ್ತಿತ್ತು, ಏರುವಾಗ ಅರ್ಧದಲ್ಲೇ ಕಾಲೂರಬೇಕಾಗುತ್ತಿತ್ತು. ಅನಂತರ ಸುಮಾರು 1 ಲಕ್ಷ 90 ಸಾವಿರ ಕೊಟ್ಟು 160 ಮಿ.ಮೀ.ನ ಎಂಡ್ಯೂರೊ (ಕಡಿದಾದ ಇಳಿಜಾರಿಗೆಂದು ಮಾಡಿದ) ಸೈಕಲ್ಲನ್ನು ಸೆಕೆಂಡ್ ಹ್ಯಾಂಡ್ ಕೊಂಡೆ. ಘಟ್ಟದ ಇಳಿಜಾರಿನಲ್ಲಿ ಅದು ಅದ್ಭುತವಾಗಿತ್ತು. ಆದರೆ ವಾರದ ಸವಾರಿಯಲ್ಲಿ ಮನೆಯಿಂದ ತುರಹಳ್ಳಿಗೆ ಹೋಗಿ ಬರಲು ಹತ್ತಿರ ಹತ್ತಿರ 40 ಕಿ.ಮೀ. ಡಾಂಬರು ರಸ್ತೆ ತುಳಿಯಬೇಕು. ಹದಿನಾರೂವರೆ ಕಿಲೋ ತೂಕದ ಆ ಸೈಕಲ್ ಕಾಡು ಮುಟ್ಟುವ ಹೊತ್ತಿಗೇ ತೊಡೆಯ ಶಕ್ತಿಯನ್ನೆಲ್ಲ ಹೀರಿರುತ್ತಿತ್ತು. ಸಮತಟ್ಟಾದ ತಿರುವುಗಳಲ್ಲಿ ಮುಂಚಕ್ರ ಅಲೆದಾಡುತ್ತಿತ್ತು. ಒಂದು ಶಾಕ್ ಸರ್ವಿಸ್‌ಗೆ 14 ಸಾವಿರ ಕೊಟ್ಟ ಮೇಲೆ ಅದನ್ನು 1 ಲಕ್ಷ 40 ಸಾವಿರಕ್ಕೆ ಮಾರಿದೆ.

ಮೂರನೆಯ ಸೈಕಲ್ಲಿಗೆ ಫ್ರೇಮು ಹುಡುಕುವಾಗ ಟ್ರಾವೆಲ್ ಅನ್ನು ಮೊದಲ ಅಳತೆಯಾಗಿ ಇಟ್ಟುಕೊಳ್ಳಲಿಲ್ಲ. ಲಿವರೇಜ್ ರೇಖೆಯನ್ನು ನೋಡಿದೆ, ಅಂದರೆ ಶಾಕ್ ಒಂದು ಮಿ.ಮೀ. ಕುಗ್ಗಿದಾಗ ಹಿಂಚಕ್ರ ಎಷ್ಟು ಮಿ.ಮೀ. ಏಳುತ್ತದೆ ಎಂಬ ಅನುಪಾತ ಹೇಗೆ ಬದಲಾಗುತ್ತದೆ ಎಂಬುದನ್ನು. ನನ್ನ ಫ್ರೇಮಿನಲ್ಲಿ ಅನುಪಾತವು ಆರಂಭದಲ್ಲಿ 2.9ರ ಆಸುಪಾಸಿನಲ್ಲಿದ್ದು ಕೊನೆಗೆ 2.3ಕ್ಕೆ ಇಳಿಯುತ್ತದೆ, ಅಂದರೆ ಸುಮಾರು 20 ಶೇಕಡಾ ಪ್ರೊಗ್ರೆಷನ್ (ಕುಗ್ಗಿದಷ್ಟೂ ಗಟ್ಟಿಯಾಗುವ ಗುಣ) ಇದೆ. ಆದ್ದರಿಂದ ಸಣ್ಣ ಕಲ್ಲುಗಳ ಮೇಲೆ ಮೃದುವಾಗಿ ನಡೆಯುವ ಹಿಂಭಾಗವು ದೊಡ್ಡ ಹೊಡೆತಕ್ಕೆ ಸುಲಭವಾಗಿ ತಳ ಮುಟ್ಟುವುದಿಲ್ಲ. ಈ ಗುಣವಿದ್ದರೆ 130 ಮಿ.ಮೀ. ಕೂಡ ತನ್ನ ಅಂಕಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಇಲ್ಲದಿದ್ದರೆ 150 ಇದ್ದರೂ ಪ್ರಯೋಜನ ಕಡಿಮೆ. ಎರಡನೆಯದಾಗಿ ಸೀಟ್ ಟ್ಯೂಬ್ (ಸೀಟಿನ ಕೆಳಗಿನ ಕೊಳವೆ) ಕೋನ 76 ಡಿಗ್ರಿಗಿಂತ ಕಡಿಮೆ ಇರಬಾರದೆಂದೂ ಹೆಡ್ ಆ್ಯಂಗಲ್ (ಮುಂಚಕ್ರದ ಫೋರ್ಕ್ ಕೂರುವ ಕೊಳವೆಯ ಕೋನ) 65ರಿಂದ 66ರ ನಡುವೆ ಇರಬೇಕೆಂದೂ ಇಟ್ಟುಕೊಂಡೆ. ಮೂರನೆಯ ನಿಯಮವನ್ನು ನಮ್ಮವರು ಹಗುರವಾಗಿ ಕಾಣುತ್ತಾರೆ: ಥ್ರೆಡ್ ಇರುವ ಬಾಟಮ್ ಬ್ರಾಕೆಟ್ (ಪೆಡಲ್‌ಗಳ ಅಚ್ಚು ಕೂರುವ ಜಾಗ), 148 ಮಿ.ಮೀ. ಬೂಸ್ಟ್ ಹಿಂಭಾಗ (ಹಿಂಚಕ್ರದ ಹಬ್‌ನ ಸಾಮಾನ್ಯ ಅಗಲ), ಎಲ್ಲ ಕಡೆ ಸಿಗುವ ಅಳತೆಯ ಶಾಕ್, ಸಾಮಾನ್ಯ ಸಂಖ್ಯೆಯ ಬೇರಿಂಗ್‌ಗಳು. ಒಂದು ವಿಶೇಷ ಬೋಲ್ಟಿಗಾಗಿ ಹೊರದೇಶದ ಪಾರ್ಸೆಲ್ ಬರುವವರೆಗೆ ಕಾಯುತ್ತ ಇಡೀ ಸೀಸನ್ ಕಳೆದುಕೊಂಡ ಸವಾರರನ್ನು ಕಂಡಿದ್ದೇನೆ. ಫ್ರೇಮಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಅದರ ಬೆಲೆ ಏರುವುದು ನನಗೆ ಬೇಡ.

ಮುಖ್ಯ ಸಂಗತಿ ಶಾಕಿನಲ್ಲಿದೆ. ನನ್ನದು 210ಕ್ಕೆ 50 ಅಳತೆಯದು, ಅಂದರೆ ಉದ್ದ 210 ಮಿ.ಮೀ., ಕುಗ್ಗುವ ದೂರ (ಸ್ಟ್ರೋಕ್) 50. ಗಾಳಿಯ ಡಬ್ಬಿಯನ್ನು ಬಿಚ್ಚಿದರೆ ಶಾಫ್ಟಿಗೆ ಸಿಕ್ಕಿಸಿದ 5 ಮಿ.ಮೀ. ಪ್ಲಾಸ್ಟಿಕ್ ಬಿಲ್ಲೆ ಕಾಣುತ್ತದೆ; ಅದನ್ನು ತೆಗೆದರೆ ಸ್ಟ್ರೋಕ್ 55 ಆಗುತ್ತದೆ. ಸರಾಸರಿ ಅನುಪಾತ 2.6 ಆದುದರಿಂದ ಹಿಂಭಾಗದ ಟ್ರಾವೆಲ್ 130ರಿಂದ 143ಕ್ಕೆ ಏರುತ್ತದೆ. ಶಾಕಿನ ಒಟ್ಟು ಉದ್ದ ಬದಲಾಗದ ಕಾರಣ ಫ್ರೇಮಿನ ಕೋನಗಳು ಇದ್ದಂತೆಯೇ ಉಳಿಯುತ್ತವೆ. ಎಲ್ಲ ಶಾಕುಗಳಲ್ಲಿ ಇದು ಇಷ್ಟು ಸುಲಭವಲ್ಲ, ಕೆಲವುಗಳಲ್ಲಿ ಒಳಗಿನ ಎಣ್ಣೆಯ ಭಾಗವಾದ ಡ್ಯಾಂಪರನ್ನೇ ಬಿಚ್ಚಬೇಕಾಗುತ್ತದೆ. ನನ್ನ ಫ್ರೇಮನ್ನು ತಯಾರಕರೇ ಎರಡೂ ಸ್ಟ್ರೋಕ್‌ಗಳಲ್ಲಿ ಮಾರಿದ್ದರು ಎಂಬುದನ್ನು ಖಚಿತಪಡಿಸಿಕೊಂಡ ಮೇಲೆಯೇ ಈ ಕೆಲಸಕ್ಕೆ ಕೈ ಹಾಕಿದೆ. ಫೋರ್ಕಿನಲ್ಲಿಯೂ 140ರ ಏರ್ ಶಾಫ್ಟಿನ (ಟ್ರಾವೆಲ್ ನಿರ್ಧರಿಸುವ ಒಳಗಿನ ಕಂಬಿ) ಜೊತೆಗೆ 150ರದೊಂದನ್ನು ಕೊಂಡಿಟ್ಟಿದ್ದೇನೆ, ಅದಕ್ಕೆ ಐದು ಸಾವಿರದ ಆಸುಪಾಸು ಖರ್ಚಾಯಿತು.

ಮಳೆಗಾಲದ ತಿಂಗಳುಗಳಲ್ಲಿ ನಾನು ಬೆಂಗಳೂರು ಬಿಟ್ಟು ಹೋಗುವುದಿಲ್ಲವಾದ್ದರಿಂದ ಆಗ ಹಿಂದೆ 130, ಮುಂದೆ 140. ಮಳೆ ಇಳಿದ ಮೇಲೆ, ಅರೇಬಿಕಾ ಕೊಯ್ಲು ಶುರುವಾಗುವ ಮುನ್ನ, ತೋಟದ ಮಾಲೀಕರು ಒಪ್ಪಿಗೆ ಕೊಡುವ ದಿನಗಳಿಗೆ ಹಿಂದೆ 143, ಮುಂದೆ 150. ಹೇಗೂ ಆ ಹೊತ್ತಿಗೆ ಫೋರ್ಕಿನ ಕೆಳಭಾಗದ ಸರ್ವಿಸ್ ಮತ್ತು ಗಾಳಿ ಡಬ್ಬಿಯ ಸೀಲ್ ಬದಲಾವಣೆ ಬಾಕಿ ಇರುತ್ತದೆ. ಬಿಚ್ಚಿದಾಗಲೇ ಬಿಲ್ಲೆಯನ್ನೂ ಶಾಫ್ಟನ್ನೂ ಬದಲಿಸುವುದರಿಂದ ಹೆಚ್ಚಿನ ಶ್ರಮವೇನಿಲ್ಲ. ಸವಾರಿ ಚೀಲ ಸೇರಿ ನನ್ನ ತೂಕ 79 ಕಿಲೋ ಇರಬಹುದು. ಶಾಕಿನಲ್ಲಿ ಬೆಂಗಳೂರಿಗೆ 170 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಮತ್ತು 25 ಶೇಕಡಾ ಸ್ಯಾಗ್ (ಸವಾರನ ಭಾರಕ್ಕೇ ಕುಗ್ಗುವ ಪಾಲು), ಘಟ್ಟಕ್ಕೆ 155 ಮತ್ತು 30 ಶೇಕಡಾ. ಜನವರಿಯ ಬೆಳಗಿನ ಚಳಿಯಲ್ಲಿ ತುಂಬಿದ ಗಾಳಿ ಮಧ್ಯಾಹ್ನದ ಬಿಸಿಲಿಗೆ ಏಳೆಂಟು ಪಿಎಸ್‌ಐ ಏರಿರುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿಯಬೇಕು. ತೋಟದ ಇಳಿಜಾರಿಗೆ ನಾನು ಇಡುವ ರಿಬೌಂಡ್ ಕ್ಲಿಕ್‌ಗಳನ್ನು (ಕುಗ್ಗಿದ ಶಾಕ್ ಮರಳುವ ವೇಗದ ಹೊಂದಿಕೆ) ಆ ಹಿರಿಯರಿಗೂ ಹೇಳಿಲ್ಲ, ಇಲ್ಲಿಯೂ ಹೇಳುವುದಿಲ್ಲ.

ನಡುವೆ ಹಿಂದುಗಡೆ ಚಿಕ್ಕದಾದ 27.5 ಇಂಚಿನ ಚಕ್ರ ಹಾಕಿ ನೋಡುವ ಆಸೆಯೂ ಹುಟ್ಟಿತು. ಗೆಳೆಯರೊಬ್ಬರ ಚಕ್ರವನ್ನು ಎರವಲು ತಂದು ಒಂದು ತಿಂಗಳು ಓಡಿಸಿದೆ. ಬಾಟಮ್ ಬ್ರಾಕೆಟ್ ಒಂದು ಸೆಂ.ಮೀ.ಗಿಂತ ತುಸು ಹೆಚ್ಚೇ ಇಳಿಯಿತು, ಹೆಡ್ ಆ್ಯಂಗಲ್ ಒಂದು ಡಿಗ್ರಿಯಷ್ಟು ಮಲಗಿತು. ಘಟ್ಟದ ತಿರುವುಗಳಲ್ಲಿ ಸೈಕಲ್ ಸೊಗಸಾಗಿ ತಿರುಗುತ್ತಿತ್ತು, ಆದರೆ ತುರಹಳ್ಳಿಯಲ್ಲಿ ಪೆಡಲ್ ಬಂಡೆಗೆ ಬಡಿಯದ ಏರು ಒಂದೂ ಉಳಿಯಲಿಲ್ಲ. ಚಕ್ರ ಹಿಂದಿರುಗಿಸಿದೆ, ಆ ಪ್ರಯೋಗದಿಂದ ಉಳಿದದ್ದು 170ರ ಬದಲು 165 ಮಿ.ಮೀ. ಕ್ರ್ಯಾಂಕ್ (ಪೆಡಲಿನ ತೋಳು) ಮತ್ತು ಮುಂದೆ 30 ಹಲ್ಲಿನ ಚೈನ್‌ರಿಂಗ್. ಶಿಮಾನೊ ಡಿಯೋರ್‌ನ, ದೊಡ್ಡ ಹಲ್ಲುಚಕ್ರಕ್ಕೆ 51 ಹಲ್ಲಿರುವ ಹಿಂದಿನ ಕ್ಯಾಸೆಟ್‌ನೊಂದಿಗೆ ಇದು ಕಡಿದಾದ ಏರಿಗೂ ಸಾಕಾಗುತ್ತದೆ.

ಟಯರ್ ವಿಷಯದಲ್ಲಿ ಉಳಿತಾಯ ಮಾಡಬಾರದು. ತೆಳು ಕೇಸಿಂಗ್‌ನ (ಟಯರಿನ ಒಳಪದರ) ಹಿಂಟಯರ್ ತುರಹಳ್ಳಿಯ ಬಂಡೆಯಂಚಿಗೆ ಪಕ್ಕದಲ್ಲಿ ಸೀಳಿದ್ದರಿಂದ ಐದೂವರೆ ಸಾವಿರ ಒಂದೇ ಬೆಳಿಗ್ಗೆ ಹೋಯಿತು. ಈಗ ಬೆಂಗಳೂರಿನ ಒಣ ಗರಸಿಗೆ ಹಿಂದೆ ಗಿಡ್ಡ ಗುಬುಟುಗಳ, ದಪ್ಪ ಕೇಸಿಂಗ್‌ನ ಟಯರ್. ಮಲೆನಾಡಿಗೆ ಮುಂದೆ ಹಿಂದೆ ಎರಡೂ ಮ್ಯಾಕ್ಸಿಸ್ ಮಿನಿಯನ್ ಡಿಎಚ್‌ಆರ್ 2. ಒಳಗೆ 30 ಮಿ.ಮೀ. ಅಗಲದ ರಿಮ್ಮಿನಲ್ಲಿ ಮುಂದೆ 22, ಹಿಂದೆ 25 ಪಿಎಸ್‌ಐ. ಪಾಚಿ ಹಿಡಿದ ನೆರಳಿನ ದಾರಿಯಲ್ಲಿ ಇನ್ನೂ ಎರಡು ಕಡಿಮೆ. ತೂತು ಮುಚ್ಚಲು ಟಯರಿನೊಳಗೆ ಹಾಕುವ ಸೀಲೆಂಟ್ ದ್ರವಕ್ಕೆ ನಾನೊಂದು ಪುಡಿ ಬೆರೆಸುತ್ತೇನೆ, ಅದು ಮನೆಯಲ್ಲೇ ಸಿಗುವಂಥದ್ದು ಎಂಬಷ್ಟು ಸುಳಿವು ಸಾಕು.

ಖರ್ಚನ್ನು ನೆನಪಿನಿಂದ ಬರೆಯುತ್ತಿದ್ದೇನೆ. ಶಾಕ್ ಸಮೇತ ಹಳೆಯ ಫ್ರೇಮು 85 ಸಾವಿರ, ಫೋರ್ಕ್ 42, ಚಕ್ರಗಳು 26, ಗೇರ್ ಮತ್ತು ಕ್ರ್ಯಾಂಕ್ 24, ನಾಲ್ಕು ಪಿಸ್ಟನ್‌ನ ಬ್ರೇಕ್ 12, ಡ್ರಾಪರ್ (ಸೀಟು ಇಳಿಸುವ ಕಂಬ) 9, ಟಯರ್ ಹಾಗೂ ಉಳಿದ ಸಣ್ಣಪುಟ್ಟವು ಸೇರಿ ಒಟ್ಟು 2 ಲಕ್ಷ 20 ಸಾವಿರದ ಹತ್ತಿರ. ಎರಡು ಸೈಕಲ್ ಇಟ್ಟುಕೊಂಡಿದ್ದರೆ ಮೂರೂವರೆ ಲಕ್ಷ ದಾಟುತ್ತಿತ್ತು. ನಿಜವಾದ ಉಳಿತಾಯ ಪಿವಟ್ (ಫ್ರೇಮಿನ ಹಿಂಭಾಗ ತಿರುಗುವ ಕೀಲು) ಬೇರಿಂಗ್‌ಗಳಲ್ಲಿದೆ. ಘಟ್ಟದ ಜೇಡಿಮಣ್ಣು ಒಂದೇ ಸೀಸನ್ನಿನಲ್ಲಿ ಅವುಗಳನ್ನು ತಿಂದುಹಾಕಿತು, ಪ್ರತಿ ಏರಿನಲ್ಲೂ ಕಿರ್ ಕಿರ್ ಎಂಬ ಸದ್ದು. ಕಂಪನಿಯ ಕಿಟ್‌ಗೆ ಒಂಬತ್ತು ಸಾವಿರ ಹೇಳಿದರು. ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯಲ್ಲಿ 6902 ಮತ್ತು 6900 ಸಂಖ್ಯೆಯ, ಎರಡೂ ಬದಿ ರಬ್ಬರ್ ಸೀಲ್ ಇರುವ ಸಾಮಾನ್ಯ ಬೇರಿಂಗ್‌ಗಳನ್ನು ಸಾವಿರದೈನೂರರೊಳಗೆ ತಂದು, ಸೀಲ್ ಎಬ್ಬಿಸಿ ಗ್ರೀಸ್ ತುಂಬಿ, ಉದ್ದ ಬೋಲ್ಟು ಮತ್ತು ವಾಷರ್‌ಗಳಿಂದ ಕೂರಿಸಿದೆ. ಪಿವಟ್‌ಗೆಂದೇ ಮಾಡಿದ, ಗುಂಡು ಕಿಕ್ಕಿರಿದ ಬೇರಿಂಗ್‌ಗಳಷ್ಟು ಭಾರ ಇವು ತಾಳುವುದಿಲ್ಲ, ನಿಜ. ಆದರೆ ಆ ಬೆಲೆಗೆ ಪ್ರತಿ ವರ್ಷ ಬದಲಿಸಿದರೂ ನಷ್ಟವಿಲ್ಲ.

ಇಂಥ ಹಳೆಯ ಫ್ರೇಮು ನೋಡಲು ಹೋಗುವವರು ಶಾಕ್ ಪಂಪ್ ಜೊತೆಗೆ ಒಯ್ಯಬೇಕು. ಶಾಕಿನ ಗಾಳಿಯನ್ನೆಲ್ಲ ಬಿಟ್ಟು, ಸೀಟನ್ನು ಒತ್ತಿ ಹಿಂಭಾಗವನ್ನು ತಳ ಮುಟ್ಟಿಸಿ, ಟಯರಿಗೂ ಸೀಟ್ ಟ್ಯೂಬಿಗೂ ನಡುವೆ ಎಷ್ಟು ಜಾಗ ಉಳಿಯುತ್ತದೆ ಎಂದು ನೋಡಬೇಕು; 2.4 ಇಂಚಿನ ಟಯರ್ ಇಟ್ಟು ನೋಡಿದಾಗ ನನ್ನದರಲ್ಲಿ ಏಳು ಮಿ.ಮೀ. ಜಾಗವಿತ್ತು. 50 ಸ್ಟ್ರೋಕಿನಲ್ಲೇ ಜಾಗ ಇಷ್ಟಕ್ಕಿಂತ ಕಡಿಮೆಯಿದ್ದರೆ ಬಿಲ್ಲೆ ತೆಗೆಯುವ ಯೋಚನೆಯನ್ನು ಅಲ್ಲಿಯೇ ಬಿಡಬೇಕು. ಕೆಳಗಿನ ಪಿವಟ್ ಸುತ್ತ ಬಣ್ಣದ ಮೇಲೆ ಕೂದಲೆಳೆಯಂಥ ಗೆರೆ ಕಂಡರೆ ಅದು ಬಣ್ಣದ್ದೋ ಲೋಹದ್ದೋ ಎಂದು ಉಗುರಿನಿಂದ ತಡಕಿ ನೋಡಬೇಕು. ಗಾಳಿ ಬಿಡಲು ಮಾರುವವರು ಒಪ್ಪದಿದ್ದಲ್ಲಿ ನಾನು ಬೆಲೆಯನ್ನೂ ಕೇಳದೆ ಹೊರಟುಬಂದಿದ್ದೇನೆ.